ನಾಲ್ಕು ತಾಲ್ಲೂಕುಗಳ ಔಷಧಿ ಗಿಡಗಳ ಸಾರ: ಬ್ಯಾಕ್ಟೀರಿಯಾ ನಿರೋಧಕ ಮತ್ತು ಉತ್ಕರ್ಷಣ ನಿರೋಧಕ ಅಂಕಿಗಳ ಹೋಲಿಕೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನಾಟಿ ವೈದ್ಯರೂ ಮನೆಯ ಹಿರಿಯರೂ ಬಳಸುವ ಸಾಮಾನ್ಯ ಗಿಡಮೂಲಿಕೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಒಳಗಾಗಿವೆ. ನೆಲನೆಲ್ಲಿ, ಒಂದೆಲಗ, ಅಮೃತಬಳ್ಳಿ, ಆಡುಸೋಗೆ, ತಂಗಡಿ, ಲಕ್ಕಿ, ಗರಗ, ತುಂಬೆ, ಉತ್ತರಾಣಿ ಮತ್ತು ನೀರುಮತ್ತಿ ಈ ಸಾಲಿಗೆ ಸೇರುತ್ತವೆ. ಪರೀಕ್ಷೆಯ ಚೌಕಟ್ಟು ಬಹುತೇಕ ಒಂದೇ: ಒಣಗಿಸಿದ ಪುಡಿಯಿಂದ ಸಾರ ತೆಗೆಯುವುದು, ಅಗರ್ ತಟ್ಟೆಯಲ್ಲಿ ಪ್ರತಿಬಂಧಕ ವಲಯ ಅಳೆಯುವುದು, ಡಿಪಿಪಿಎಚ್ ವಿಧಾನದಲ್ಲಿ ಉತ್ಕರ್ಷಣ ನಿರೋಧಕ ಗುಣ ಅಳೆಯುವುದು.

ಈ ಟಿಪ್ಪಣಿ ಹೊಸ ಮಾಪನಗಳನ್ನು ಮುಂದಿಡುವುದಿಲ್ಲ. ಇಂಥ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬೇಕಾದ ಕನಿಷ್ಠ ಷರತ್ತುಗಳನ್ನು, ಆ ಷರತ್ತುಗಳು ಎಲ್ಲಿ ತಪ್ಪುತ್ತವೆ ಎಂಬುದನ್ನು ಮಾತ್ರ ಪರಿಶೀಲಿಸುತ್ತದೆ. ವಾದ ಇಷ್ಟು: ಗಿಡದ ಗುರುತು, ಸಾರ ತಯಾರಿಸಿದ ಕ್ರಮ ಮತ್ತು ಅಂತಿಮ ಸಾಂದ್ರತೆ ಈ ಮೂರೂ ದಾಖಲಾಗದಿದ್ದರೆ ಪ್ರಯೋಗಾಲಯದ ಅಂಕಿ ಸಾಂಪ್ರದಾಯಿಕ ಬಳಕೆಯನ್ನು ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

2. ಪ್ರದೇಶ ಮತ್ತು ಸ್ಥಳನಾಮಗಳು

2.1. ನಾಲ್ಕೂ ತಾಲ್ಲೂಕುಗಳು ಒಂದಕ್ಕೊಂದು ಹೊಂದಿಕೊಂಡಿದ್ದರೂ ಸಸ್ಯಗಳ ನೆಲೆಯಾಗಿ ಒಂದೇ ತೆರನಾದವಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಂಡೆಯೂ ಚಿಕ್ಕದೇವರಾಯ ಸಾಗರ, ವಿರಿಜಾ, ಬಂಗಾರದೊಡ್ಡಿ ಮೊದಲಾದ ಹಳೆಯ ನಾಲೆಗಳ ಬಯಲೂ ಇವೆ. ಪಾಂಡವಪುರದ ಒಂದು ಭಾಗ ವಿಶ್ವೇಶ್ವರಯ್ಯ ನಾಲೆಯ ನೀರಾವರಿಗೆ ಒಳಪಟ್ಟಿದ್ದರೆ, ಮೇಲುಕೋಟೆಯ ಕಡೆ ಕಲ್ಲುಗುಡ್ಡಗಳೂ ಕುರುಚಲು ಕಾಡೂ ಇವೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿ ನದಿಯೂ ಮಂದಗೆರೆ ಅಣೆಕಟ್ಟೆಯ ನಾಲೆಗಳೂ ಇವೆ. ನಾಗಮಂಗಲದಲ್ಲಿ ಹೇಮಾವತಿ ನಾಲೆ ತಲುಪಿದ ಭಾಗವನ್ನು ಬಿಟ್ಟರೆ ಉಳಿದದ್ದು ಬಹುಪಾಲು ಕೆರೆ, ಕೊಳವೆಬಾವಿ ಮತ್ತು ಮಳೆಯನ್ನು ನಂಬಿದ ಕೆಂಪು ಮಣ್ಣಿನ ರಾಗಿ, ಹುರುಳಿ ಹೊಲ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 700 ಮಿ.ಮೀ. ಆಸುಪಾಸಿನದು.

2.2. ಇದರ ಪರಿಣಾಮ ಗಿಡಗಳ ಹಂಚಿಕೆಯಲ್ಲಿ ಕಾಣುತ್ತದೆ. ಒಂದೆಲಗ, ನೀರುಬ್ರಾಹ್ಮಿ, ಗರಗ ನಾಲೆಯ ಅಂಚಿನ, ಗದ್ದೆ ಬದುವಿನ ಗಿಡಗಳು. ನೀರುಮತ್ತಿ ಹೊಳೆದಂಡೆಯ ಮರ. ತಂಗಡಿ ಮತ್ತು ಬಂದರೆ ಗಿಡ ಒಣಭೂಮಿಯವು. ನೆಲನೆಲ್ಲಿ, ತುಂಬೆ, ಉತ್ತರಾಣಿ ಎರಡೂ ಕಡೆ ಬೆಳೆಯುತ್ತವೆ. ಆದ್ದರಿಂದ ಒಂದೆಲಗವನ್ನು ಶ್ರೀರಂಗಪಟ್ಟಣದಿಂದಲೂ ತಂಗಡಿಯನ್ನು ನಾಗಮಂಗಲದಿಂದಲೂ ತಂದು ಪರೀಕ್ಷಿಸಿದ ಅಧ್ಯಯನದಲ್ಲಿ ಸಿಗುವ ವ್ಯತ್ಯಾಸ ಗಿಡದ್ದೋ ನೆಲೆಯದ್ದೋ ಎಂದು ಬೇರ್ಪಡಿಸಲು ಬರುವುದಿಲ್ಲ.

2.3. ಹಳೆಯ ಸಂಗ್ರಹಗಳ ಚೀಟಿಗಳನ್ನು ಓದುವಾಗ ಸ್ಥಳನಾಮಗಳ ಬದಲಾವಣೆಯನ್ನು ಗಮನಿಸಬೇಕು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ಕೃಷ್ಣರಾಜಪೇಟೆ 19ನೆಯ ಶತಮಾನದ ಕೊನೆಯ ಭಾಗದವರೆಗೂ ಅತ್ತಿಕುಪ್ಪೆ ಎಂಬ ಹೆಸರಿನ ತಾಲ್ಲೂಕು. ಪಾಂಡವಪುರ ಬ್ರಿಟಿಷರ ಕಾಲದ ಬರಹಗಳಲ್ಲಿ ಫ್ರೆಂಚ್ ರಾಕ್ಸ್ ಎಂದು, ಅದಕ್ಕೂ ಮೊದಲು ಹಿರೋಡೆ ಎಂದು ಬರುತ್ತದೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆ, ನಾಗಮಂಗಲಗಳನ್ನು ಹಾದುಹೋದ ವಿವರ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆ ಬರಹದ ಮುಖ್ಯ ಆಸಕ್ತಿ ಬೇಸಾಯ, ಕಂದಾಯ ಮತ್ತು ಕಸುಬುಗಳು. ಅದನ್ನು ಔಷಧ ಬಳಕೆಯ ಆಕರವಾಗಿ ಉಲ್ಲೇಖಿಸುವಾಗ ಈ ಮಿತಿಯನ್ನು ಮರೆಯಬಾರದು.

2.4. ಸಸ್ಯ ವಿವರಣೆಗೆ ನೆರೆಯ ಜಿಲ್ಲೆಯನ್ನು ಕುರಿತ ಸಲ್ಡಾನ್ಹಾ ಮತ್ತು ನಿಕೋಲ್ಸನ್ ಅವರ ಹಾಸನ ಜಿಲ್ಲಾ ಸಸ್ಯಸಂಪುಟ (1976) ಹತ್ತಿರದ ಆಧಾರ. ಕೆ.ಆರ್. ಪೇಟೆ ಮತ್ತು ನಾಗಮಂಗಲಗಳು ಹಾಸನದ ಗಡಿಗೆ ತಾಗಿರುವುದರಿಂದ ಅದರ ಗುರುತುಸೂತ್ರಗಳು ಈ ಭಾಗಕ್ಕೆ ಬಹುಮಟ್ಟಿಗೆ ಹೊಂದುತ್ತವೆ. ಕಾವೇರಿ ದಂಡೆಯ ಗಿಡಗಳಿಗೂ ಅವು ಅಷ್ಟೇ ಹೊಂದುತ್ತವೆ ಎಂದು ಭಾವಿಸುವುದು ಸರಿಯಾಗಲಾರದು.

3. ಗಿಡದ ಗುರುತು

3.1. ನೆಲನೆಲ್ಲಿ. ಹಳೆಯ ಭಾರತೀಯ ಬರಹಗಳಲ್ಲಿ ಇದು ಫಿಲ್ಲಾಂಥಸ್ ನಿರೂರಿ ಎಂದೇ ದಾಖಲಾಗಿದೆ. ಆ ಹೆಸರು ಸಲ್ಲುವ ಪ್ರಭೇದ ಅಮೆರಿಕ ಖಂಡದ್ದು. ಹೂಕರ್ ಅವರ ಬ್ರಿಟಿಷ್ ಇಂಡಿಯಾ ಸಸ್ಯಸಂಪುಟದಲ್ಲಿ ಆ ಹೆಸರಿನಡಿ ಸೇರಿದ್ದು ವಾಸ್ತವದಲ್ಲಿ ಅಮಾರಸ್, ಫ್ರಟರ್ನಸ್ ಮತ್ತು ಡೆಬಿಲಿಸ್ ಎಂಬ ಮೂರು ಪ್ರಭೇದಗಳು ಎಂದು ಮಿತ್ರಾ ಮತ್ತು ಜೈನ್ ಅವರು ಭಾರತೀಯ ಸಸ್ಯ ಸರ್ವೇಕ್ಷಣೆಯ ಪತ್ರಿಕೆಯ 1985ರ ಸಂಪುಟದಲ್ಲಿ ತೋರಿಸಿದರು. ಆ ಬಳಿಕವೂ ‘ನಿರೂರಿ’ ಎಂಬ ಹೆಸರಿನಲ್ಲಿ ಪ್ರಕಟವಾದ ಭಾರತೀಯ ಮಾದರಿಗಳ ಫಲಿತಾಂಶವನ್ನು, ಹರ್ಬೇರಿಯಂನಲ್ಲಿಟ್ಟ ಸಾಕ್ಷ್ಯ ಮಾದರಿ ಇಲ್ಲದಿದ್ದಲ್ಲಿ, ಮೂರರಲ್ಲಿ ಯಾವುದಕ್ಕೂ ಖಚಿತವಾಗಿ ಸೇರಿಸಲಾಗದು. ಬಯಲುಸೀಮೆಯ ಹೊಲಗಳಲ್ಲಿ ಇವುಗಳ ಜೊತೆಗೆ ಫಿಲ್ಲಾಂಥಸ್ ಮದರಾಸ್ಪಟೆನ್ಸಿಸ್ ಕೂಡ ಬೆಳೆಯುತ್ತದೆ. ಬುಡಸಹಿತ ಕಿತ್ತು ಕಟ್ಟು ಕಟ್ಟಿ ತಂದಾಗ ಬೆರಕೆ ಆಗುವ ಸಂಭವ ಕಡಿಮೆಯೇನಲ್ಲ.

3.2. ಬ್ರಾಹ್ಮಿ. ಈ ಹೆಸರು ಸೆಂಟೆಲ್ಲಾ ಏಷಿಯಾಟಿಕಾಗೂ (ಒಂದೆಲಗ) ಬಕೋಪಾ ಮೊನ್ನಿಯೇರಿಗೂ (ನೀರುಬ್ರಾಹ್ಮಿ) ಬಳಕೆಯಲ್ಲಿದೆ. ಎರಡೂ ತೇವದ ನೆಲದ ಗಿಡಗಳೇ, ಆದರೆ ಬೇರೆ ಬೇರೆ ಕುಟುಂಬದವು. ಮೊದಲನೆಯದರ ಲಕ್ಷಣ ಸಂಯುಕ್ತ ಏಷಿಯಾಟಿಕೋಸೈಡ್, ಎರಡನೆಯದರದ್ದು ಬಕೋಸೈಡ್‌ಗಳು. ‘ಬ್ರಾಹ್ಮಿ ಸಾರ’ ಎಂದಷ್ಟೇ ಬರೆದ ಕೋಷ್ಟಕವನ್ನು ಹೋಲಿಕೆಯಿಂದ ಹೊರಗಿಡುವುದು ಕ್ಷೇಮ.

3.3. ಅಮೃತಬಳ್ಳಿ. ಟಿನೋಸ್ಪೋರಾ ಕಾರ್ಡಿಫೋಲಿಯಾ ಮತ್ತು ಟಿನೋಸ್ಪೋರಾ ಕ್ರಿಸ್ಪಾ ನಡುವಿನ ಗೊಂದಲ ಬರಿಯ ಪುಸ್ತಕದ ವಿಷಯವಲ್ಲ. ಅಮೃತಬಳ್ಳಿ ಸೇವನೆಯೊಂದಿಗೆ ಯಕೃತ್ತಿನ ತೊಂದರೆ ಕಾಣಿಸಿಕೊಂಡ ಪ್ರಕರಣಗಳು 2021ರಲ್ಲಿ ಮುಂಬಯಿಯಿಂದ ವರದಿಯಾದ ಮೇಲೆ, ಈ ಎರಡನ್ನು ಬೇರೆಯಾಗಿ ಗುರುತಿಸಬೇಕೆಂದು ಆಯುಷ್ ಸಚಿವಾಲಯ 2022ರ ಫೆಬ್ರವರಿಯಲ್ಲಿ ತಿಳಿವಳಿಕೆ ನೀಡಿತು. ಕ್ರಿಸ್ಪಾದ ಕಾಂಡದ ಮೇಲೆ ಎದ್ದು ಕಾಣುವ ಗಂಟಿನಂಥ ಉಬ್ಬುಗಳಿರುತ್ತವೆ. ಕಾಂಡವನ್ನು ತುಂಡರಿಸಿ ಒಣಗಿಸಿ ಪುಡಿ ಮಾಡಿದ ಮೇಲೆ ಈ ಗುರುತು ಉಳಿಯುವುದಿಲ್ಲ.

3.4. ಹೆಸರು ಮೂರು, ಗಿಡ ಒಂದು. ಆಡುಸೋಗೆಯ ಫಲಿತಾಂಶಗಳು ಜಸ್ಟಿಸಿಯಾ ಅಧಾಟೋಡಾ (1753), ಅಧಾಟೋಡಾ ಜೈಲಾನಿಕಾ (1790), ಅಧಾಟೋಡಾ ವಾಸಿಕಾ (1832) ಎಂಬ ಮೂರೂ ಹೆಸರುಗಳಲ್ಲಿ ಹರಡಿವೆ. ತಂಗಡಿಯವು ಕ್ಯಾಸಿಯಾ ಮತ್ತು ಸೆನ್ನಾ ಎಂಬ ಎರಡು ಕುಲನಾಮಗಳಡಿ ಇವೆ. ದೊಡ್ಡಪತ್ರೆಯವು ಕೋಲಿಯಸ್, ಪ್ಲೆಕ್ಟ್ರಾಂಥಸ್ ಎರಡರಲ್ಲೂ ಸಿಗುತ್ತವೆ. ಒಂದೇ ಹೆಸರು ಹಿಡಿದು ಹುಡುಕಿದ ಪರಾಮರ್ಶೆ ಅಪೂರ್ಣವಾಗುವುದು ಹೆಚ್ಚುಕಡಿಮೆ ಖಚಿತ.

3.5. ಮೇಲಿನ ಕಾರಣಗಳಿಂದ ಸಾಕ್ಷ್ಯ ಮಾದರಿ ಐಚ್ಛಿಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜೆಸಿಬಿ ಹರ್ಬೇರಿಯಂನಂಥ ಸಾರ್ವಜನಿಕ ಸಂಗ್ರಹದಲ್ಲಿ ಹೂ ಅಥವಾ ಕಾಯಿಯಿರುವ ಮಾದರಿ ಇಟ್ಟು, ಅದರ ಸಂಖ್ಯೆಯನ್ನು ಲೇಖನದಲ್ಲಿ ಕೊಡಬೇಕು. ‘ತಜ್ಞರಿಂದ ಗುರುತಿಸಲ್ಪಟ್ಟಿದೆ’ ಎಂಬ ವಾಕ್ಯ ಇದಕ್ಕೆ ಬದಲಿಯಾಗದು.

4. ಸಾರ ತಯಾರಿಕೆ

4.1. ಆಯುರ್ವೇದದ ಐದು ಮೂಲ ಕಲ್ಪನೆಗಳು ಸ್ವರಸ, ಕಲ್ಕ, ಕ್ವಾಥ, ಹಿಮ ಮತ್ತು ಫಾಂಟ. ಹಳ್ಳಿಯ ಬಳಕೆಯಲ್ಲಿ ಇವು ಹಿಂಡಿದ ರಸ, ಅರೆದ ಮುದ್ದೆ, ಕಷಾಯ, ರಾತ್ರಿ ನೆನೆಹಾಕಿದ ನೀರು ಮತ್ತು ಬಿಸಿನೀರಿನಲ್ಲಿ ಅದ್ದಿ ಸೋಸಿದ್ದು. ಐದರಲ್ಲೂ ದ್ರಾವಕ ನೀರೇ, ಇಲ್ಲವೇ ಗಿಡದ್ದೇ ರಸ. ಪ್ರಯೋಗಾಲಯದಲ್ಲಿ ಹೆಚ್ಚು ಬಳಕೆಯಾಗುವ ದ್ರಾವಕಗಳು ಮೆಥನಾಲ್, ಎಥನಾಲ್, ಅಸಿಟೋನ್, ಕ್ಲೋರೋಫಾರ್ಮ್, ಪೆಟ್ರೋಲಿಯಂ ಈಥರ್. ಸಾಕ್ಸ್‌ಲೆಟ್ ಉಪಕರಣದಲ್ಲಿ (1879) ಗಂಟೆಗಟ್ಟಲೆ ಕುದಿಯುವ ಮೆಥನಾಲ್ ಎಳೆದು ತರುವ ಸಂಯುಕ್ತಗಳ ಸಮೂಹವೂ ಕಷಾಯದ್ದೂ ಒಂದೇ ಅಲ್ಲ.

4.2. ಶಾರ್ಙ್ಗಧರ ಸಂಹಿತೆಯ ಕ್ರಮದಲ್ಲಿ ಒಂದು ಪಲ ದ್ರವ್ಯಕ್ಕೆ ಹದಿನಾರು ಪಟ್ಟು ನೀರು ಸೇರಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕು. ಪಲವನ್ನು ಇಂದಿನ ರೂಢಿಯಂತೆ 48 ಗ್ರಾಂ ಎಂದಿಟ್ಟುಕೊಂಡರೆ ನೀರು 768 ಮಿ.ಲೀ., ಉಳಿಯುವ ಕಷಾಯ 96 ಮಿ.ಲೀ. ದ್ರವ್ಯದ ತೂಕದ ಶೇ. 10ರಷ್ಟು ನೀರಿಗೆ ಇಳಿಯುತ್ತದೆ ಎಂದು ಊಹಿಸಿದರೆ 4.8 ಗ್ರಾಂ ಸಾರ 96 ಮಿ.ಲೀ.ನಲ್ಲಿರುತ್ತದೆ. ಅಂದರೆ ಪ್ರತಿ ಮಿ.ಲೀ.ಗೆ 50 ಮಿ.ಗ್ರಾಂ. ಶೇ. 10 ಎಂಬುದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ. ಗಿಡಕ್ಕೂ ಭಾಗಕ್ಕೂ ತಕ್ಕಂತೆ ಅದು ಏರಿಳಿಯುತ್ತದೆ, ಪ್ರತಿ ಅಧ್ಯಯನದಲ್ಲೂ ಅಳೆದು ಕೊಡಬೇಕಾದದ್ದು. ಈ ಲೆಕ್ಕದ ಉಪಯೋಗ ಭಾಗ 7ರಲ್ಲಿದೆ.

4.3. ಅನುಪಾನವೂ ತಯಾರಿಕೆಯ ಅಂಗವೇ. ನೆಲನೆಲ್ಲಿಯನ್ನು ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಕೊಡುವ ರೂಢಿಯಿದೆ. ಟ್ಯಾನಿನ್‌ಗಳು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವ ಗುಣದವು. ಹೀಗಾಗಿ ಅನುಪಾನವಿಲ್ಲದ ಸಾರದಲ್ಲಿ ಅಳೆದ ಫಿನಾಲಿಕ್ ಪ್ರಮಾಣ, ರೋಗಿಯ ಹೊಟ್ಟೆ ಸೇರುವ ಮುಕ್ತ ಪ್ರಮಾಣಕ್ಕಿಂತ ಹೆಚ್ಚಿರುವ ಸಾಧ್ಯತೆಯಿದೆ.

4.4. ಸಂಗ್ರಹದ ಜಾಗ. ಕಬ್ಬು, ಭತ್ತದ ಗದ್ದೆಯ ಬದುಗಳಲ್ಲಿ ಕಿತ್ತ ಗರಗ, ನೆಲನೆಲ್ಲಿಗಳ ಮೇಲೆ ಕಳೆನಾಶಕದ ಅಥವಾ ತಾಮ್ರಯುಕ್ತ ಶಿಲೀಂಧ್ರನಾಶಕದ ಶೇಷ ಇರಬಹುದು. ತಾಮ್ರ ತಾನೇ ಬ್ಯಾಕ್ಟೀರಿಯಾ ನಿರೋಧಕ. ನಾಲೆಬಯಲಿನ ಮಾದರಿಗಳಲ್ಲಿ ಕನಿಷ್ಠ ತಾಮ್ರದ ಅಂಶವನ್ನು ಅಳೆಯದೆ ಗಿಡದ ಗುಣವನ್ನು ನಿರ್ಧರಿಸುವುದು ಅವಸರದ ಮಾತಾದೀತು.

5. ಬ್ಯಾಕ್ಟೀರಿಯಾ ನಿರೋಧಕ ಅಂಕಿ

5.1. ಬಿಲ್ಲೆ ವಿಧಾನದ ಇಂದಿನ ರೂಪ ಬಾವರ್, ಕಿರ್ಬಿ, ಶೆರಿಸ್, ಟರ್ಕ್ ಅವರ 1966ರ ಲೇಖನದಿಂದ ಬಂದದ್ದು. ಮುಲ್ಲರ್–ಹಿಂಟನ್ ಮಾಧ್ಯಮ 1941ರದು. ಅಗರ್ ಪದರ 4 ಮಿ.ಮೀ., ಬಿಲ್ಲೆಯ ವ್ಯಾಸ 6 ಮಿ.ಮೀ., ಬಿತ್ತುವ ಜೀವಿಗಳ ಸಾಂದ್ರತೆ 0.5 ಮ್ಯಾಕ್‌ಫರ್ಲೆಂಡ್, ಅಂದರೆ ಪ್ರತಿ ಮಿ.ಲೀ.ಗೆ ಸುಮಾರು 15 ಕೋಟಿ ಜೀವಕೋಶ. ಈ ಮಾನಕಗಳು ಶುದ್ಧ ಪ್ರತಿಜೀವಕಗಳಿಗಾಗಿ ರೂಪುಗೊಂಡವು. ಸಸ್ಯಸಾರಗಳಿಗೆ ವಿಸ್ತರಿಸಿದಾಗ ಮೂರು ಅಸಂಗತಿಗಳು ಎದುರಾಗುತ್ತವೆ.

5.2. ಮೊದಲನೆಯದು ವ್ಯಾಸದ ಲೆಕ್ಕ. ಕೆಲವರು ಬಿಲ್ಲೆ ಅಥವಾ ಅಗರ್‌ನಲ್ಲಿ ಕೊರೆದ ಬಾವಿಯ 6 ಮಿ.ಮೀ. ಸೇರಿಸಿ ಬರೆಯುತ್ತಾರೆ, ಕೆಲವರು ಕಳೆದು ಬರೆಯುತ್ತಾರೆ, ಕೆಲವರು ಯಾವುದೆಂದು ಹೇಳುವುದಿಲ್ಲ. ‘8 ಮಿ.ಮೀ.’ ಎಂಬ ಫಲಿತಾಂಶ ಮೊದಲ ಲೆಕ್ಕದಲ್ಲಿ ಅಂಚಿನಿಂದ ಕೇವಲ 1 ಮಿ.ಮೀ. ತೆರವು, ಎರಡನೆಯ ಲೆಕ್ಕದಲ್ಲಿ 4 ಮಿ.ಮೀ.

5.3. ಎರಡನೆಯದು ಹಾಕಿದ ಪ್ರಮಾಣ. ಪ್ರತಿ ಮಿ.ಲೀ.ಗೆ 100 ಮಿ.ಗ್ರಾಂ ಸಾರದ 50 ಮೈಕ್ರೊಲೀಟರ್ ಬಾವಿಗೆ ಹಾಕಿದರೆ ಅಲ್ಲಿ 5 ಮಿ.ಗ್ರಾಂ ಇರುತ್ತದೆ. ಹೋಲಿಕೆಗೆ ಇಡುವ ಜೆಂಟಮೈಸಿನ್ ಬಿಲ್ಲೆಯಲ್ಲಿ 10 ಮೈಕ್ರೊಗ್ರಾಂ ಮಾತ್ರ. ತೂಕದಲ್ಲಿ 500 ಪಟ್ಟು ಅಂತರ. ಎರಡರ ವಲಯವೂ 20 ಮಿ.ಮೀ. ಬಂದರೆ ‘ಪ್ರತಿಜೀವಕಕ್ಕೆ ಸಮಾನ’ ಎನ್ನಲು ಆಧಾರವಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಸಾರದಲ್ಲಿ ಸಕ್ರಿಯ ಸಂಯುಕ್ತ ಶೇ. 1 ಮಾತ್ರ ಇದ್ದರೆ ಬಾವಿಯಲ್ಲಿರುವುದು 50 ಮೈಕ್ರೊಗ್ರಾಂ. ಆಗ ಅಂತರ ಐದು ಪಟ್ಟಿಗೆ ಇಳಿಯುತ್ತದೆ. ಹೀಗಾಗಿ ಒಟ್ಟು ಸಾರದ ವಲಯ ನೋಡಿ ಗಿಡವನ್ನು ಹೊಗಳುವುದೂ ತಳ್ಳಿಹಾಕುವುದೂ ಸಮಾನವಾಗಿ ಅಕಾಲಿಕ. ಜೆಂಟಮೈಸಿನ್ ಬಿಲ್ಲೆಗೆ ಎಸ್ಚರೀಷಿಯಾ ಕೋಲಿ ಎಟಿಸಿಸಿ 25922 ತಳಿಯಲ್ಲಿ 19–26 ಮಿ.ಮೀ., ಸ್ಟಫೈಲೊಕಾಕಸ್ ಔರಿಯಸ್ ಎಟಿಸಿಸಿ 25923 ತಳಿಯಲ್ಲಿ 19–27 ಮಿ.ಮೀ. ವಲಯ ಬರಬೇಕು. ಈ ಮಿತಿಯ ಹೊರಗಿನ ಅಂಕಿ ಬಂದ ತಟ್ಟೆಯಲ್ಲಿ ಸಸ್ಯಸಾರದ ಅಂಕಿಯನ್ನೂ ನೆಚ್ಚಲಾಗದು.

5.4. ಮೂರನೆಯದು ಪಸರುವಿಕೆ. ವಲಯದ ಅಗಲ ಬರಿಯ ಶಕ್ತಿಯನ್ನು ಸೂಚಿಸುವುದಿಲ್ಲ, ಅಗರ್‌ನಲ್ಲಿ ಸಂಯುಕ್ತ ಹರಡುವ ವೇಗವನ್ನೂ ಸೂಚಿಸುತ್ತದೆ. ನೀರಿನಲ್ಲಿ ಕರಗದ ಟರ್ಪಿನಾಯ್ಡ್‌ಗಳು, ದೊಡ್ಡ ಅಣುವಿನ ಟ್ಯಾನಿನ್‌ಗಳು ಬಾವಿಯ ಬಳಿಯೇ ನಿಲ್ಲುತ್ತವೆ. ವಿಭಿನ್ನ ಗಿಡಗಳ ವಲಯಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಕೋಷ್ಟಕಗಳು ಈ ಕಾರಣಕ್ಕೆ ಸಂಶಯಾಸ್ಪದ.

5.5. ದ್ರವಮಾಧ್ಯಮದಲ್ಲಿ ಎರಡೆರಡು ಪಟ್ಟು ತೆಳುಗೊಳಿಸುತ್ತ ಹೋಗಿ ಕಂಡುಹಿಡಿಯುವ ಕನಿಷ್ಠ ಪ್ರತಿಬಂಧಕ ಸಾಂದ್ರತೆ, ಅಂದರೆ ಎಂಐಸಿ, ವಲಯದ ವ್ಯಾಸಕ್ಕಿಂತ ಉತ್ತಮ ಅಳತೆ. ಅಲ್ಲೂ ಒಂದು ಹಂತದ ವ್ಯತ್ಯಾಸ ವಿಧಾನದ ಸಹಜ ಅನಿಶ್ಚಿತತೆಯೊಳಗೇ ಬರುತ್ತದೆ. ಒಂದು ಸಾರಕ್ಕೆ 0.5, ಇನ್ನೊಂದಕ್ಕೆ 1 ಮಿ.ಗ್ರಾಂ ಬಂದರೆ ಅವು ಬೇರೆ ಎನ್ನಲಾಗದು. ರಿಯೋಸ್ ಮತ್ತು ರೆಸಿಯೊ ಅವರು 2005ರಲ್ಲಿ ಸೂಚಿಸಿದಂತೆ, ಪ್ರತಿ ಮಿ.ಲೀ.ಗೆ 1 ಮಿ.ಗ್ರಾಂಗಿಂತ ಹೆಚ್ಚಿನ ಸಾಂದ್ರತೆಯಲ್ಲಷ್ಟೇ ಕಾಣುವ ಗುಣವನ್ನು ಸಾರಗಳ ವಿಷಯದಲ್ಲಿ ಗಣಿಸಬಾರದು. 100 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಾದರೆ ಆಸಕ್ತಿಗೆ ಅರ್ಹ. ಈ ಮಿತಿಗಳು ಒಪ್ಪಂದದವು, ಪ್ರಕೃತಿನಿಯಮಗಳಲ್ಲ. ಆದರೂ ಹೋಲಿಕೆಗೆ ಒಂದು ಗೆರೆ ಬೇಕಾಗುತ್ತದೆ.

5.6. ಗ್ರಾಂ-ಧನ ಬ್ಯಾಕ್ಟೀರಿಯಾಗಳು ಗ್ರಾಂ-ಋಣಗಳಿಗಿಂತ ಹೆಚ್ಚು ಸಂವೇದಿಯಾಗಿ ಕಾಣುವುದು ಸಸ್ಯಸಾರಗಳಲ್ಲಿ ಸಾಮಾನ್ಯ. ಗ್ರಾಂ-ಋಣಗಳ ಹೊರಪೊರೆಯೂ ಹೊರತಳ್ಳುವ ಪಂಪುಗಳೂ ಇದಕ್ಕೆ ಕಾರಣ. ಬರ್ಬೆರಿನ್ ತಾನೊಂದೇ ಇದ್ದಾಗ ದುರ್ಬಲವಾಗಿ, ಪಂಪನ್ನು ತಡೆಯುವ ಸಂಯುಕ್ತದೊಂದಿಗೆ ಪ್ರಬಲವಾಗಿ ಸ್ಟಫೈಲೊಕಾಕಸ್ ಮೇಲೆ ಕೆಲಸ ಮಾಡುತ್ತದೆ ಎಂದು ಸ್ಟರ್ಮಿಟ್ಜ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಒಟ್ಟು ಸಾರ ಶುದ್ಧ ಸಂಯುಕ್ತಕ್ಕಿಂತ ಮೇಲಾಗಬಹುದು ಎಂಬ ವಾದಕ್ಕೆ ಇದು ಒಂದು ನಿಖರ ಉದಾಹರಣೆ. ಎಲ್ಲ ಸಾರಗಳಿಗೂ ಅದನ್ನು ಅನ್ವಯಿಸಲು ಅನುಮತಿಯಲ್ಲ.

6. ಉತ್ಕರ್ಷಣ ನಿರೋಧಕ ಅಂಕಿ

6.1. ಡಿಪಿಪಿಎಚ್ ವಿಧಾನವನ್ನು ಬ್ಲಾಯ್ಸ್ 1958ರಲ್ಲಿ ಪ್ರಕಟಿಸಿದರು. ಬ್ರಾಂಡ್-ವಿಲಿಯಮ್ಸ್ ಮತ್ತು ಸಂಗಡಿಗರು 1995ರಲ್ಲಿ ಪರಿಷ್ಕರಿಸಿದರು. ನೇರಳೆ ಬಣ್ಣದ ಈ ಮುಕ್ತ ರ‍್ಯಾಡಿಕಲ್ ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ಪಡೆದಾಗ ಹಳದಿಯಾಗುತ್ತದೆ. 517 ನ್ಯಾನೊಮೀಟರ್‌ನಲ್ಲಿ ಇಳಿಕೆಯನ್ನು ಅಳೆದು, ಅರ್ಧಕ್ಕೆ ಇಳಿಸುವ ಸಾಂದ್ರತೆಯನ್ನು ಐಸಿ50 ಎಂದು ಕೊಡುತ್ತಾರೆ.

6.2. ಐಸಿ50 ಸ್ಥಿರಾಂಕವಲ್ಲ. ಬಳಸಿದ ಡಿಪಿಪಿಎಚ್ ಪ್ರಮಾಣ ಬದಲಾದಂತೆ ಅದೂ ಬದಲಾಗುತ್ತದೆ. ಇದನ್ನು ಪರಿಶೀಲಿಸಲು ಹೋಲಿಕೆಗೆ ಇಡುವ ಆಸ್ಕಾರ್ಬಿಕ್ ಆಮ್ಲವೇ ಸಾಕು. ಅದರ ಒಂದು ಅಣು ಎರಡು ಡಿಪಿಪಿಎಚ್ ಅಣುಗಳನ್ನು ತಗ್ಗಿಸುತ್ತದೆ. ಡಿಪಿಪಿಎಚ್‌ನ ಅಂತಿಮ ಸಾಂದ್ರತೆ 100 ಮೈಕ್ರೊಮೋಲಾರ್ ಆಗಿದ್ದರೆ ಅರ್ಧ, ಅಂದರೆ 50 ಮೈಕ್ರೊಮೋಲಾರ್ ತಗ್ಗಿಸಲು 25 ಮೈಕ್ರೊಮೋಲಾರ್ ಆಸ್ಕಾರ್ಬಿಕ್ ಆಮ್ಲ ಸಾಕು. ಅಣುತೂಕ 176.12 ಹಿಡಿದರೆ ಪ್ರತಿ ಮಿ.ಲೀ.ಗೆ 4.4 ಮೈಕ್ರೊಗ್ರಾಂ. ಬ್ರಾಂಡ್-ವಿಲಿಯಮ್ಸ್ ತಂಡ ಅಳೆದ 0.27 ಮೋಲ್ ಅನುಪಾತ ಬಳಸಿದರೆ 4.8 ಮೈಕ್ರೊಗ್ರಾಂ. ಎರಡೂ ಹತ್ತಿರ ಹತ್ತಿರ.

6.3. ಈಗ 3 ಮಿ.ಲೀ. 0.1 ಮಿಲಿಮೋಲಾರ್ ಡಿಪಿಪಿಎಚ್‌ಗೆ 1 ಮಿ.ಲೀ. ಮಾದರಿ ಸೇರಿಸುವ ಕ್ರಮವನ್ನು ನೋಡಬಹುದು. ಡಿಪಿಪಿಎಚ್ 75 ಮೈಕ್ರೊಮೋಲಾರ್‌ಗೆ ಇಳಿಯುತ್ತದೆ. ಆಸ್ಕಾರ್ಬಿಕ್ ಆಮ್ಲದ ಸೈದ್ಧಾಂತಿಕ ಐಸಿ50 ಅಂತಿಮ ಮಿಶ್ರಣದಲ್ಲಿ 3.3 ಮೈಕ್ರೊಗ್ರಾಂ. ಸೇರಿಸುವ ಮುನ್ನದ ದ್ರಾವಣದ ಲೆಕ್ಕದಲ್ಲಿ ಬರೆದರೆ ಅದೇ 13.2 ಮೈಕ್ರೊಗ್ರಾಂ. ಒಂದೇ ಪ್ರಯೋಗ, ನಾಲ್ಕು ಪಟ್ಟು ಅಂತರದ ಎರಡು ಅಂಕಿ. ಆಸ್ಕಾರ್ಬಿಕ್ ಆಮ್ಲಕ್ಕೆ ಹತ್ತಾರು ಮೈಕ್ರೊಗ್ರಾಂ ಐಸಿ50 ಕೊಟ್ಟಿರುವ ಲೇಖನದಲ್ಲಿ ಸಾಂದ್ರತೆಯ ಲೆಕ್ಕವನ್ನೋ ಆಮ್ಲದ ತಾಜಾತನವನ್ನೋ ಮತ್ತೆ ನೋಡಬೇಕಾಗುತ್ತದೆ. ಸಾರದ ಐಸಿ50ಯನ್ನು ಅದೇ ದಿನದ ಆಸ್ಕಾರ್ಬಿಕ್ ಆಮ್ಲದ ಅಂಕಿಗೆ ಅನುಪಾತವಾಗಿ ಕೊಟ್ಟರೆ ಈ ತೊಡಕು ಬಹುಪಾಲು ನಿವಾರಣೆಯಾಗುತ್ತದೆ.

6.4. ಒಟ್ಟು ಫಿನಾಲಿಕ್ ಅಂಶವನ್ನು ಅಳೆಯುವ ಫೋಲಿನ್–ಸಿಯೊಕಾಲ್ಟು ಕಾರಕ (1927) ಸಿಂಗಲ್ಟನ್ ಮತ್ತು ರೊಸ್ಸಿ ಅವರ 1965ರ ಕ್ರಮದಲ್ಲಿ ಬಳಕೆಯಾಗುತ್ತದೆ. ಅದು ಫಿನಾಲ್‌ಗಳಿಗಷ್ಟೇ ಅಲ್ಲ, ಆಸ್ಕಾರ್ಬಿಕ್ ಆಮ್ಲಕ್ಕೂ ಕೆಲವು ಸಕ್ಕರೆ, ಅಮೈನೊ ಆಮ್ಲಗಳಿಗೂ ಪ್ರತಿಕ್ರಿಯಿಸುತ್ತದೆ. ಒಟ್ಟು ಫಿನಾಲಿಕ್ ಹೆಚ್ಚಿದ್ದಲ್ಲಿ ಡಿಪಿಪಿಎಚ್ ತಗ್ಗುವಿಕೆಯೂ ಹೆಚ್ಚು ಎಂಬ ಸಹಸಂಬಂಧ ಹಲವು ಲೇಖನಗಳ ತೀರ್ಮಾನ. ಎರಡೂ ವಿಧಾನಗಳು ಮೂಲತಃ ಎಲೆಕ್ಟ್ರಾನ್ ವರ್ಗಾವಣೆಯನ್ನೇ ಅಳೆಯುವುದರಿಂದ ಈ ಸಹಸಂಬಂಧ ಭಾಗಶಃ ವಿಧಾನದೊಳಗೇ ಅಡಗಿದೆ. ತಂಗಡಿ ತೊಗಟೆ, ನೀರುಮತ್ತಿ ಚಕ್ಕೆಯಂಥ ಟ್ಯಾನಿನ್ ತುಂಬಿದ ದ್ರವ್ಯಗಳು ಎರಡರಲ್ಲೂ ಮೇಲೆ ನಿಲ್ಲುವುದು ನಿರೀಕ್ಷಿತವೇ. ತಂಗಡಿ ತೊಗಟೆ ಚರ್ಮ ಹದ ಮಾಡಲು ಬಳಕೆಯಾಗುತ್ತಿದ್ದುದೂ ಅದೇ ಟ್ಯಾನಿನ್‌ಗಾಗಿ.

6.5. ಪ್ರನಾಳದ ಅಂಕಿಯಿಂದ ಆರೋಗ್ಯದ ಫಲಿತಾಂಶಕ್ಕೆ ಜಿಗಿಯುವ ವಿಷಯದಲ್ಲಿ ಒಂದು ಪೂರ್ವನಿದರ್ಶನವಿದೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಉತ್ಕರ್ಷಣ ನಿರೋಧಕ ಸಾಮರ್ಥ್ಯದ ಓಆರ್‌ಎಸಿ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಆ ಅಂಕಿಗಳಿಗೂ ಮಾನವ ದೇಹದ ಮೇಲಿನ ಪರಿಣಾಮಕ್ಕೂ ಸಂಬಂಧ ಸ್ಥಾಪಿತವಾಗಿಲ್ಲ, ಅವು ಮಾರಾಟದ ಪ್ರಚಾರದಲ್ಲಿ ದುರ್ಬಳಕೆಯಾಗುತ್ತಿವೆ ಎಂಬುದು ಕೊಟ್ಟ ಕಾರಣ.

6.6. ಎರಡು ಗುಣಗಳ ತೊಡಕು. ಬ್ಯಾಕ್ಟೀರಿಯಾ ನಿರೋಧಕ, ಉತ್ಕರ್ಷಣ ನಿರೋಧಕ ಎಂಬ ಎರಡು ಶೀರ್ಷಿಕೆಗಳು ಲೇಖನಗಳಲ್ಲಿ ಸ್ವತಂತ್ರ ಗುಣಗಳಂತೆ ಬರುತ್ತವೆ. ಅವು ಪರಸ್ಪರ ಬೆರೆಯುವ ಎರಡು ಬಗೆಗಳನ್ನಾದರೂ ಗುರುತಿಸಬಹುದು. ಒಂದು, ಫಿನಾಲಿಕ್ ಸಂಯುಕ್ತಗಳು ಪೋಷಕ ಮಾಧ್ಯಮದಲ್ಲಿ ತಾವೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡಬಲ್ಲವು. ಚಹಾದ ಕ್ಯಾಟೆಚಿನ್‌ಗಳ ವಿಷಯದಲ್ಲಿ ಲಾಂಗ್, ಕ್ಲೆಮೆಂಟ್, ಹ್ಯಾಲಿವೆಲ್ ಇದನ್ನು 2000ದಲ್ಲಿ ತೋರಿಸಿದ್ದಾರೆ. ಆಗ ಬ್ಯಾಕ್ಟೀರಿಯಾವನ್ನು ತಡೆದದ್ದು ಗಿಡದ ಸಂಯುಕ್ತವಲ್ಲ, ಮಾಧ್ಯಮದಲ್ಲಿ ಹುಟ್ಟಿದ ಪೆರಾಕ್ಸೈಡ್ ಆಗಿರಬಹುದು. ಕ್ಯಾಟಲೇಸ್ ಕಿಣ್ವ ಸೇರಿಸಿದ ಸಮಾಂತರ ಪರೀಕ್ಷೆ ಇದನ್ನು ಬಯಲಿಗೆಳೆಯುತ್ತದೆ. ಎರಡು, ಎಂಐಸಿ ಓದಲು ಬಳಸುವ ಟೆಟ್ರಜೋಲಿಯಂ, ರೆಸಜುರಿನ್ ಬಣ್ಣಗಳನ್ನು ಪ್ರಬಲ ಅಪಕರ್ಷಕ ಸಾರ ಬ್ಯಾಕ್ಟೀರಿಯಾದ ನೆರವಿಲ್ಲದೆಯೇ ಬದಲಿಸಬಲ್ಲದು. ಆಗ ಇಲ್ಲದ ಬೆಳವಣಿಗೆ ಇದೆಯೆಂದು ಕಾಣುತ್ತದೆ. ಜೀವಿಯಿಲ್ಲದ, ಸಾರವಿರುವ ಬಾವಿಗಳ ಸಾಲೊಂದು ಪ್ರತಿ ತಟ್ಟೆಯಲ್ಲೂ ಇರಬೇಕು.

7. ಬಳಕೆ ಮತ್ತು ಪರೀಕ್ಷೆಯ ಹೊಂದಾಣಿಕೆ

7.1. ನೆಲನೆಲ್ಲಿಯ ಮುಖ್ಯ ಬಳಕೆ ಕಾಮಾಲೆಗೆ. ಸ್ಟಫೈಲೊಕಾಕಸ್ ತಟ್ಟೆಯ ವಲಯಕ್ಕೂ ಆ ಬಳಕೆಗೂ ನೇರ ಸಂಬಂಧವಿಲ್ಲ. ಆಡುಸೋಗೆಯನ್ನು ಕೆಮ್ಮು, ದಮ್ಮಿಗೆ ಕೊಡುತ್ತಾರೆ. ಅದರ ವಾಸಿಸಿನ್ ಶ್ವಾಸನಾಳದ ಮೇಲೆ ಮಾಡುವ ಪರಿಣಾಮ ಬ್ಯಾಕ್ಟೀರಿಯಾ ನಿರೋಧಕ ಗುಣಕ್ಕಿಂತ ಬೇರೆಯದು. ಗರಗದ ಎಣ್ಣೆ ತಲೆಗೂದಲಿಗೆ. ಈ ಮೂರರಲ್ಲೂ ಪರೀಕ್ಷೆ ‘ಸಾಂಪ್ರದಾಯಿಕ ಬಳಕೆಯನ್ನು ವೈಜ್ಞಾನಿಕವಾಗಿ ದೃಢಪಡಿಸಿತು’ ಎಂಬ ತೀರ್ಮಾನ ಪರೀಕ್ಷೆಗಿಂತ ಮುಂದೆ ಹೋಗುತ್ತದೆ.

7.2. ಕುಡಿಯುವ ಕಷಾಯದ ಲೆಕ್ಕ. ಭಾಗ 4.2ರ ಊಹೆಯಂತೆ ಇಡೀ ಕಷಾಯದಲ್ಲಿ 4.8 ಗ್ರಾಂ ಸಾರವಿದೆ. ಅದೆಲ್ಲವೂ ರಕ್ತಕ್ಕೆ ಸೇರಿ ಅಲ್ಲೇ ಉಳಿಯಿತು ಎಂಬ ಅಸಾಧ್ಯ ಊಹೆ ಮಾಡಿದರೂ, 3 ಲೀಟರ್ ಪ್ಲಾಸ್ಮಾದಲ್ಲಿ ಸಾಂದ್ರತೆ ಪ್ರತಿ ಮಿ.ಲೀ.ಗೆ 1.6 ಮಿ.ಗ್ರಾಂ. ಎಂಐಸಿ 5 ಮಿ.ಗ್ರಾಂ ಇರುವ ಸಾರ ಈ ದಾರಿಯಲ್ಲಿ ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ನೇರವಾಗಿ ತಡೆಯಲಾರದು. ಅದೇ ಕಷಾಯದಿಂದ ಬಾಯಿ ಮುಕ್ಕಳಿಸಿದರೆ ಅಥವಾ ಗಾಯ ತೊಳೆದರೆ ಸ್ಥಳದಲ್ಲಿ ಸಿಗುವ ಸಾಂದ್ರತೆ 50 ಮಿ.ಗ್ರಾಂ, ಎಂಐಸಿಯ ಹತ್ತು ಪಟ್ಟು.

7.3. ಹಾಗಾಗಿ ಅಗರ್ ತಟ್ಟೆಯ ಪರೀಕ್ಷೆಗೆ ಅತಿ ಹತ್ತಿರದ ಸಾಂಪ್ರದಾಯಿಕ ಬಳಕೆ ಹಚ್ಚುವುದು, ತೊಳೆಯುವುದು, ಮುಕ್ಕಳಿಸುವುದು. ಪ್ರಾಮುಖ್ಯ ಕೊಡಬೇಕಾದದ್ದು ಗಾಯಕ್ಕೆ ಹಿಂಡುವ ಸೊಪ್ಪುಗಳಿಗೆ. ಇವುಗಳಲ್ಲಿ ಒಂದಾದ ಟ್ರೈಡಾಕ್ಸ್ ಪ್ರೊಕಂಬೆನ್ಸ್, ಹೊಲದ ಬದುಗಳಲ್ಲಿ ಹಳದಿ ನಡುವಿನ ಬಿಳಿ ಹೂ ಬಿಡುವ ಗಿಡ, ಉಷ್ಣವಲಯದ ಅಮೆರಿಕದಿಂದ ಬಂದದ್ದು. ಅದರ ಬಳಕೆ ಕೆಲವು ಶತಮಾನಗಳಿಗಿಂತ ಹಳೆಯದಾಗಿರಲಾರದು. ‘ಪ್ರಾಚೀನ’ ಎಂಬ ವಿಶೇಷಣವನ್ನು ಪ್ರತಿ ಗಿಡಕ್ಕೂ ಪ್ರತ್ಯೇಕವಾಗಿ ಪರಿಶೀಲಿಸಬೇಕು.

8. ವಿಷಗುಣ

ಬ್ಯಾಕ್ಟೀರಿಯಾ ನಿರೋಧಕ ಅಂಕಿಯ ಪಕ್ಕದಲ್ಲೇ ಸಸ್ತನಿ ಜೀವಕೋಶಗಳ ಮೇಲಿನ ವಿಷಗುಣದ ಅಂಕಿ ಬರಬೇಕು. ಎರಡರ ಅನುಪಾತವಿಲ್ಲದೆ ಮೊದಲನೆಯದಕ್ಕೆ ಅರ್ಥ ಕಡಿಮೆ. ಚಿತ್ರಮೂಲದ ಪ್ಲಂಬಾಜಿನ್ ತಟ್ಟೆಯಲ್ಲಿ ಪ್ರಬಲ, ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವಷ್ಟು ಉಗ್ರ. ಹಾವು ಕಡಿತಕ್ಕೆಂದು ಹೆಸರಾದ ಈಶ್ವರಿ ಬೇರು ಅರಿಸ್ಟೊಲೋಕಿಯಾ ಕುಲದ್ದು. ಈ ಕುಲದ ಸಸ್ಯಗಳನ್ನೊಳಗೊಂಡ ಔಷಧಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ಸಾಬೀತಾದವುಗಳ ಗುಂಪಿಗೆ ಸೇರಿಸಿತು. ಇವು ಮೂತ್ರಪಿಂಡಕ್ಕೂ ಹಾನಿಕರ. ಇಂಥ ದ್ರವ್ಯದ ‘ಉತ್ತಮ’ ಬ್ಯಾಕ್ಟೀರಿಯಾ ನಿರೋಧಕ ಫಲಿತಾಂಶವನ್ನು ಎಚ್ಚರಿಕೆಯ ಮಾತಿಲ್ಲದೆ ಪ್ರಕಟಿಸುವುದು ಸಮರ್ಥನೀಯವಲ್ಲ.

9. ನಾಲ್ಕು ತಾಲ್ಲೂಕುಗಳ ಹೋಲಿಕೆಗೆ ಒಂದು ವಿನ್ಯಾಸ

9.1. ನಾಲ್ಕು ಕಡೆಯೂ ಬೆಳೆಯುವ ಒಂದೇ ಪ್ರಭೇದವನ್ನು ಆರಿಸಬೇಕು. ತುಂಬೆ ಅಥವಾ ಉತ್ತರಾಣಿ ಸೂಕ್ತ. ನೆಲನೆಲ್ಲಿಯನ್ನು ಆರಿಸಿದರೆ ಪ್ರತಿ ಕಟ್ಟನ್ನೂ ಗಿಡ ಗಿಡವಾಗಿ ಬಿಡಿಸಿ ಗುರುತಿಸಬೇಕಾಗುತ್ತದೆ.

9.2. ತಾಲ್ಲೂಕಿಗೆ ಮೂರು ಜಾಗ, ಮುಂಗಾರು ಮತ್ತು ಹಿಂಗಾರಿನ ನಂತರ ಎರಡು ಸಂಗ್ರಹ, ಮೂರು ಬಗೆಯ ತಯಾರಿಕೆ, ಅಂದರೆ ಹಿಂಡಿದ ರಸ, ಕಷಾಯ, ಮೆಥನಾಲ್ ಸಾರ. ಒಟ್ಟು 4 × 3 × 2 × 3, ಅಂದರೆ 72 ಸಾರಗಳು. ಒಂದೇ ಸಾರವನ್ನು ಮೂರು ಬಾವಿಗೆ ಹಾಕಿದ್ದು ಮೂರು ಸ್ವತಂತ್ರ ಮಾದರಿಗಳಾಗುವುದಿಲ್ಲ. ಸಂಖ್ಯಾಶಾಸ್ತ್ರೀಯ ಲೆಕ್ಕಕ್ಕೆ ಎಣಿಕೆ ಜಾಗಗಳದ್ದು, ಬಾವಿಗಳದ್ದಲ್ಲ.

9.3. ಮೇಲುಕೋಟೆಯ ಸುತ್ತಲಿನ ಒಂದು ಭಾಗ 1974ರಿಂದ ವನ್ಯಜೀವಿಧಾಮ. ಅಲ್ಲಿ ಸಂಗ್ರಹಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಾಟಿ ವೈದ್ಯರಿಂದ ಪಡೆದ ಮಾಹಿತಿಗೆ ಅವರ ಒಪ್ಪಿಗೆಯನ್ನು ದಾಖಲಿಸಬೇಕು. ಜೀವವೈವಿಧ್ಯ ಕಾಯ್ದೆ 2002 ಮತ್ತು ಅದರ 2023ರ ತಿದ್ದುಪಡಿಯ ಚೌಕಟ್ಟಿನಲ್ಲಿ ಇದನ್ನು ನೋಡಬೇಕಾಗುತ್ತದೆ.

9.4. ವರದಿಯಲ್ಲಿ ಇರಲೇಬೇಕಾದ ವಿವರಗಳು: ಸಾಕ್ಷ್ಯ ಮಾದರಿಯ ಸಂಖ್ಯೆ, ಸಂಗ್ರಹದ ದಿನಾಂಕ, ಗ್ರಾಮ, ನೆಲೆಯ ಬಗೆ, ಬಳಸಿದ ಭಾಗ, ಸಾರದ ಶೇಕಡಾ ಇಳುವರಿ, ಬಾವಿಗೆ ಸೇರಿದ ತೂಕ, ವ್ಯಾಸದಲ್ಲಿ 6 ಮಿ.ಮೀ. ಸೇರಿದೆಯೇ ಇಲ್ಲವೇ; ಎಂಐಸಿ; ಡಿಪಿಪಿಎಚ್ ಮತ್ತು ಮಾದರಿಯ ಅಂತಿಮ ಸಾಂದ್ರತೆ; ಅದೇ ದಿನದ ಆಸ್ಕಾರ್ಬಿಕ್ ಆಮ್ಲದ ಐಸಿ50; ದ್ರಾವಕ ಮಾತ್ರವಿರುವ ನಿಯಂತ್ರಣದ ಫಲ; ವಿಷಗುಣದ ಅಂಕಿ.

10. ತಾತ್ಕಾಲಿಕ ತೀರ್ಮಾನ

(ಅ) ಪ್ರತಿಬಂಧಕ ವಲಯ ಮತ್ತು ಐಸಿ50 ಅಂಕಿಗಳನ್ನು ಲೇಖನದಿಂದ ಲೇಖನಕ್ಕೆ ನೇರವಾಗಿ ಹೋಲಿಸುವುದು ಬಹುತೇಕ ಸಂದರ್ಭಗಳಲ್ಲಿ ಅಸಾಧು.

(ಆ) ಎರಡು ಗುಣಗಳೂ ಒಂದೇ ಸಾರದಲ್ಲಿ ಹೆಚ್ಚಿರುವುದು ಎರಡು ಸ್ವತಂತ್ರ ಸಾಕ್ಷ್ಯವಲ್ಲ. ಟ್ಯಾನಿನ್ ಅಧಿಕವಾಗಿರುವ ದ್ರವ್ಯಗಳಲ್ಲಿ ಅದು ಒಂದೇ ಕಾರಣದ ಎರಡು ಫಲವಾಗಿರುವ ಸಂಭವ ಹೆಚ್ಚು.

(ಇ) ಈ ಭಾಗದ ಹಚ್ಚುವ, ತೊಳೆಯುವ ಬಳಕೆಗಳಿಗೆ ಪ್ರಯೋಗಾಲಯದ ಬ್ಯಾಕ್ಟೀರಿಯಾ ನಿರೋಧಕ ಫಲಿತಾಂಶಗಳು ಪ್ರಸ್ತುತವಾಗಬಹುದು. ಕುಡಿಯುವ ಕಷಾಯಗಳಿಗೆ ಅವನ್ನು ವಿಸ್ತರಿಸಲು ಸದ್ಯದ ಲೆಕ್ಕ ಅವಕಾಶ ಕೊಡುವುದಿಲ್ಲ.

(ಈ) ನಾಲೆಬಯಲಿನ ಗಿಡಕ್ಕೂ ಒಣಭೂಮಿಯ ಗಿಡಕ್ಕೂ ಗುಣದಲ್ಲಿ ಅಂತರವಿದೆಯೇ ಎಂಬುದು ಪರೀಕ್ಷಿಸಬಹುದಾದ ಪ್ರಶ್ನೆ. ಭಾಗ 9.4ರ ವಿವರಗಳಿಲ್ಲದ ಯಾವ ಕೋಷ್ಟಕವನ್ನೂ ಅದಕ್ಕೆ ಉತ್ತರವಾಗಿ ಸ್ವೀಕರಿಸಬಾರದು.